ಕಾಡೂ ಇರಬೇಕು, ಬೆಟ್ಟದ ತುದಿಯೂ ಸಿಗಬೇಕು: ತುಮಕೂರಿನಿಂದ ಒಂದು ದಿನದ ಚಾರಣಕ್ಕೆ ಎಲ್ಲಿ ಹೋಗೋಣ?

ಬಟವಾಡಿ ನಿವಾಸಿ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಎರಡನೇ ಭಾನುವಾರ ಮನೆಮಂದಿಯೆಲ್ಲ ಸೇರಿ ಒಂದು ಬೆಟ್ಟ ಹತ್ತಬೇಕು ಅಂತ ಮಾತಾಡಿಕೊಂಡಿದ್ದೇವೆ. ನಾನು, ನಮ್ಮನೆಯವರು, ಮಾವನವರು, ನಾದಿನಿ, ಅವಳ ಗಂಡ, ಮಕ್ಕಳಿಬ್ಬರು. ದೊಡ್ಡವನು ಎಂಟನೇ ಕ್ಲಾಸು, ಚಿಕ್ಕವಳು ಐದನೇ ಕ್ಲಾಸು. ಮಾವನವರಿಗೆ ಅರವತ್ತಮೂರು. ದಿನಾ ಬೆಳಿಗ್ಗೆ ಅಮಾನಿಕೆರೆ ಸುತ್ತು ಹಾಕ್ತಾರೆ, ನಡಿಗೆಯಲ್ಲಿ ನಮ್ಮೆಲ್ಲರಿಗಿಂತ ಗಟ್ಟಿ. ಆದರೆ ಮೆಟ್ಟಿಲು ಇಳಿಯುವಾಗ ಎಡಗಾಲಿನ ಮಂಡಿ ನೋಯುತ್ತೆ.

ನಮಗೆ ಬೇಕಾದದ್ದು ಇಷ್ಟು. ಬರೀ ಬಂಡೆ ಬೇಡ, ಮರ ಇರಬೇಕು. ಕಾರಲ್ಲಿ ತುದಿಗೇ ಹೋಗಿ ಫೋಟೊ ತೆಗೆದು ಬರೋದೂ ಬೇಡ, ನಾಲ್ಕೈದು ಗಂಟೆ ಕಾಲಲ್ಲೇ ನಡೀಬೇಕು. ಕತ್ತಲಾಗೋ ಮುಂಚೆ ಮನೆ ಸೇರಬೇಕು. ತುಮಕೂರು ಜಿಲ್ಲೆಯೇ ಆದರೆ ಒಳ್ಳೇದು, ಚಿಕ್ಕಬಳ್ಳಾಪುರ ಕೋಲಾರದ ಕಡೆಯಾದರೂ ಪರವಾಗಿಲ್ಲ. ಹೋಗಿ ಬಂದವರು ದಯವಿಟ್ಟು ವಿವರವಾಗಿ ಬರೀರಿ.

ಕಲ್ಲುಬಂಡೆ

ಮಧುಗಿರಿಗೆ ಹೋಗಿ ಮೇಡಂ, ಎರಡನೇ ಯೋಚನೆಯೇ ಬೇಡ. ಇಡೀ ಬೆಟ್ಟ ಒಂದೇ ಬಂಡೆ, ಏಷ್ಯಾದ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಒಂದು. ಕೋಟೆಯ ಬಾಗಿಲು ಒಂದಾದ ಮೇಲೊಂದು ದಾಟಿ ಹೋಗುವಾಗ ಆಗುವ ರೋಮಾಂಚನ ಬೇರೆಲ್ಲೂ ಸಿಗಲ್ಲ. ಇಲ್ಲಾ ಅಂದ್ರೆ ಅಲ್ಲೇ ಹತ್ತಿರ ಚನ್ನರಾಯನದುರ್ಗ. ಅಲ್ಲಿ ಜನ ಕಡಿಮೆ, ಕೋಟೆಗೋಡೆ ಇನ್ನೂ ಚೆನ್ನಾಗಿ ನಿಂತಿದೆ.

ತೋವಿನಕೆರೆ ಅಜ್ಜಿಮನೆ

ಮಧುಗಿರಿ ಬಗ್ಗೆ ನನಗೂ ಅಭಿಮಾನ ಇದೆ, ಆದರೆ ಅಕ್ಕ ಕೇಳಿದ್ದು ಕಾಡು. ಮಧುಗಿರಿಯಲ್ಲಿ ಹತ್ತು ಗಂಟೆ ಆದ ಮೇಲೆ ಬಂಡೆ ಕಾಯೋಕೆ ಶುರುವಾದರೆ ನಿಲ್ಲೋಕೊಂದು ನೆರಳಿಲ್ಲ. ಮೇಲಿನ ಭಾಗದ ಇಳಿಜಾರಂತೂ ಮಂಡಿ ನೋವಿನವರಿಗೆ ಆಗೋ ಮಾತೇ ಅಲ್ಲ. ಹತ್ತುವಾಗ ಗೊತ್ತಾಗಲ್ಲ, ಇಳಿಯೋಕೆ ತಿರುಗಿ ನಿಂತಾಗ ಎದೆ ಝಲ್ಲನ್ನುತ್ತೆ.

ಸಿದ್ಧರಬೆಟ್ಟ ನೋಡಿ. ಕೊರಟಗೆರೆ ತಾಲ್ಲೂಕು, ನಮ್ಮೂರಿಗೆ ಹತ್ತಿರ. ಔಷಧಿ ಗಿಡಮೂಲಿಕೆಗೆ ಹೆಸರಾದ ಬೆಟ್ಟ. ಮೆಟ್ಟಿಲು ದಾರಿ, ಎರಡೂ ಕಡೆ ಗಿಡಮರ, ಮೇಲೆ ಗುಹೆಯೊಳಗೆ ಸಿದ್ದೇಶ್ವರಸ್ವಾಮಿ. ಒಳಗೆ ತಣ್ಣಗಿನ ನೀರು ಇರುತ್ತೆ. ಗುಹೆ ಕತ್ತಲು, ಬಗ್ಗಿ ನಡೀಬೇಕಾಗುತ್ತೆ, ಟಾರ್ಚ್ ತಗೊಂಡು ಹೋಗಿ. ಭಕ್ತರು ಬರೋ ಜಾಗ ಅನ್ನೋದು ಮಕ್ಕಳಿಗೆ ಮೊದಲೇ ಹೇಳಿ.

ಬಳ್ಳಾಪುರದ ಚಾರಣಿಗ

ನಮ್ಮ ಕಡೆಯದ್ದನ್ನೂ ಹೇಳ್ತೀನಿ. ಸ್ಕಂದಗಿರಿ ಸುಮಾರು 1,450 ಮೀಟರ್ ಎತ್ತರ, ಪಾಪಾಗ್ನಿ ಮಠದ ಹತ್ತಿರದಿಂದ ಹತ್ತೋದು. ಕೆಳಗೆ ಕುರುಚಲು ಕಾಡು, ಮೇಲೆ ಕಳವಾರದುರ್ಗದ ಕೋಟೆಯ ಅವಶೇಷ. ಆದರೆ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮೊದಲೇ ಟಿಕೆಟ್ ಮಾಡಿಸಬೇಕು. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ, ಭಾನುವಾರದ್ದು ಬೇಗ ಖಾಲಿಯಾಗುತ್ತೆ. ಸೂರ್ಯೋದಯದ ಆಸೆಗೆ ರಾತ್ರೋರಾತ್ರಿ ಹತ್ತಿಸ್ತೀವಿ ಅಂತ ಯಾರಾದರೂ ಹೇಳಿದರೆ ಅವರ ಜೊತೆ ಹೋಗಬೇಡಿ.

ನಿಜವಾದ ಮರದ ನೆರಳು ಬೇಕಾದರೆ ನಂದಿ. ನಗಬೇಡಿ, ಕಾರು ನಿಲ್ಲಿಸೋ ಜಾಗದ ನಂದಿ ನಾನು ಹೇಳ್ತಿರೋದಲ್ಲ. ಸುಲ್ತಾನ್‌ಪೇಟೆ ಕಡೆಯಿಂದ ಸಾವಿರಕ್ಕೂ ಹೆಚ್ಚು ಹಳೇ ಕಲ್ಲು ಮೆಟ್ಟಿಲು ಹತ್ತಿ ಬರೋ ದಾರಿ. ಆ ದಾರಿ ತೆರೆದಿದೆಯಾ ಅಂತ ಮೊದಲು ವಿಚಾರಿಸಿಕೊಳ್ಳಿ. ಬೆಟ್ಟದ ನೆತ್ತಿ 1,478 ಮೀಟರ್, ಮಂಜಿಗೆ ಮರದ ಕಾಂಡಗಳಿಗೆಲ್ಲ ಪಾಚಿ ಕಟ್ಟಿರುತ್ತೆ. ಬಯಲುಸೀಮೆಯ ನಡುವೆ ಮಲೆನಾಡಿನ ತುಣುಕು. ನಂದಿ, ಸ್ಕಂದಗಿರಿ, ಬ್ರಹ್ಮಗಿರಿ, ದಿವ್ಯಗಿರಿ, ಚನ್ನಗಿರಿ ಐದೂ ಸೇರಿ ಪಂಚಗಿರಿ. ಅರ್ಕಾವತಿ, ಪಾಲಾರ್, ಪಿನಾಕಿನಿಗಳು ಹುಟ್ಟೋದು ಈ ಸುತ್ತಲಲ್ಲೇ.

ಕೋಲಾರದ ಹುಡುಗಿ

ಅಂತರಗಂಗೆ ಮರೀಬೇಡಿ. ಶತಶೃಂಗ ಬೆಟ್ಟಸಾಲು, ಕೋಲಾರ ಬಸ್ ಸ್ಟ್ಯಾಂಡಿನಿಂದ ಆಟೋದಲ್ಲೇ ಹೋಗಬಹುದು. ಕಾಶಿ ವಿಶ್ವೇಶ್ವರನ ಗುಡಿಯ ಹತ್ತಿರ ಕಲ್ಲು ಬಸವನ ಬಾಯಿಂದ ವರ್ಷಪೂರ್ತಿ ನೀರು ಬೀಳುತ್ತೆ. ಅಲ್ಲಿವರೆಗೂ ಮೆಟ್ಟಿಲು, ನೆರಳು. ಅಲ್ಲಿಂದಾಚೆ ಬಂಡೆಗಳ ಸಂದಿ, ಗುಹೆ. ಮೇಲೆ ತೇರಹಳ್ಳಿ ಥರದ ಊರುಗಳಿವೆ, ಹೊಲ ಉಳ್ತಾರೆ. ಬೆಟ್ಟ ಹತ್ತಿದ ಮೇಲೆ ರಾಗಿ ಹೊಲ ಎದುರಾಗೋದು ಮಕ್ಕಳಿಗೆ ಬಹಳ ಖುಷಿ ಕೊಡುತ್ತೆ. ಗುಹೆ ಕಡೆಗೆ ಮಾವನವರನ್ನ ಕರ್ಕೊಂಡು ಹೋಗಬೇಡಿ, ಅಲ್ಲಿ ಕೈಕಾಲು ಎರಡೂ ಬಳಸಬೇಕು.

ಊರ್ಡಿಗೆರೆಯವ

ಮನೆ ಬಾಗಿಲಲ್ಲೇ ದೇವರಾಯನದುರ್ಗ ಇಟ್ಟುಕೊಂಡು ಎಲ್ಲೆಲ್ಲಿಗೋ ಹೊರಟಿದ್ದೀರಲ್ಲ! ತುಮಕೂರಿನಿಂದ ಹದಿನೈದು ಕಿಲೋಮೀಟರ್. ನೀವು ಬರೆದಿರೋ ಷರತ್ತಿಗೆಲ್ಲ ಹೊಂದೋ ಬೆಟ್ಟ ಈ ಮೂರು ಜಿಲ್ಲೆಯಲ್ಲಿ ಇದೊಂದೇ ಅಂತ ನಾನು ಎದೆ ತಟ್ಟಿ ಹೇಳ್ತೀನಿ. ಯಾಕೆ ಅಂತ ಬಿಡಿಸಿ ಬರೀತೀನಿ, ಉದ್ದ ಆದರೆ ಸಹಿಸಿಕೊಳ್ಳಿ.

ಮೊದಲನೇದು ಕಾಡು. ಇದು ಒಂದು ಗುಡ್ಡ ಅಲ್ಲ, ಗುಡ್ಡಗಳ ಗುಂಪು. ಸುತ್ತ ನಲವತ್ತು ಚದರ ಕಿಲೋಮೀಟರಿಗೂ ಹೆಚ್ಚು ಮೀಸಲು ಅರಣ್ಯ. ಜಾಲಾರಿ, ದಿಂಡುಗ, ಕಗ್ಗಲಿ, ಕಮರ, ತೂಪ್ರ, ಬಂಡೆ ಸಂದಿಯಲ್ಲಿ ಕವಳೆ ಪೊದೆ. ಮಲೆನಾಡಿನ ಹಾಗೆ ಆಕಾಶ ಮುಚ್ಚೋ ಕಾಡಲ್ಲ, ಒಣ ಕಾಡು. ಆದರೆ ಡಿಸೆಂಬರಿನಲ್ಲಿ ಎಲೆ ಇನ್ನೂ ಉದುರಿರಲ್ಲ, ಹುಲ್ಲು ಸೊಂಟದವರೆಗೆ ಇರುತ್ತೆ, ಹಿಂಗಾರು ಕೈ ಕೊಡದಿದ್ದರೆ ತೊರೆಗಳಲ್ಲಿ ತೇವವೂ ಇರುತ್ತೆ. ಜಾಲಾರಿ ಹೂ ನೋಡಬೇಕಾದರೆ ಫೆಬ್ರವರಿ ಕೊನೆಗೆ ಇನ್ನೊಂದ್ಸಲ ಬನ್ನಿ. ಮರಕ್ಕೆ ಎಲೆಯೇ ಕಾಣದ ಹಾಗೆ ಕೆನೆಬಣ್ಣದ ಗೊಂಚಲು, ರಸ್ತೆಯಲ್ಲಿ ಹೋಗೋರಿಗೂ ಘಮ್ ಅನ್ನುತ್ತೆ.

ಎರಡನೇದು ದಾರಿ. ಕೆಳಗೆ ನಾಮದ ಚಿಲುಮೆ. ರಾಮ ಹಣೆಗೆ ನಾಮ ಇಟ್ಟುಕೊಳ್ಳೋಕೆ ನೀರಿಲ್ಲದೆ ಬಾಣ ಬಿಟ್ಟು ಬಂಡೆಯಿಂದ ಚಿಲುಮೆ ಚಿಮ್ಮಿಸಿದ ಅನ್ನೋ ಕತೆ ನಿಮಗೆ ಗೊತ್ತೇ ಇರುತ್ತೆ. ಬಂಡೆಯಲ್ಲಿ ಅಂಗೈ ಹಿಡಿಸುವಷ್ಟು ಗುಂಡಿ, ನೀರು ತೆಗೆದಷ್ಟೂ ತುಂಬ್ಕೊಳ್ಳುತ್ತೆ. ಪಕ್ಕದಲ್ಲೇ ಜಿಂಕೆವನ. ಅಲ್ಲಿಂದ ಕಾಡಿನ ನಡುವೆ ರಸ್ತೆಯಲ್ಲೇ ನಡೆದು ದೇವರಾಯನದುರ್ಗದ ಊರು, ಊರಲ್ಲಿ ಭೋಗ ನರಸಿಂಹಸ್ವಾಮಿ ಗುಡಿ. ಅಲ್ಲಿಂದ ಮೇಲಕ್ಕೆ ಯೋಗ ನರಸಿಂಹ. ಕೊನೆಯದು ಮೆಟ್ಟಿಲು, ಅದಾದ ಮೇಲೆ ಬಂಡೆಯ ನೆತ್ತಿ. ಸುಮಾರು 1,200 ಮೀಟರ್. ಮೋಡ ಇಲ್ಲದಿದ್ದರೆ ಶಿವಗಂಗೆ ಕಾಣುತ್ತೆ.

ಮೂರನೇದೇ ನನಗೆ ಮುಖ್ಯ. ಈ ಬೆಟ್ಟಕ್ಕೆ ಗಾಡಿ ರಸ್ತೆ ಇದೆ. ನೀವು ಅದನ್ನ ಬೇಡ ಅಂದ್ರಿ, ನಾನು ಅದಕ್ಕೇ ಬೇಕು ಅಂತೀನಿ. ಮಧುಗಿರಿಯಲ್ಲೋ ಸ್ಕಂದಗಿರಿಯಲ್ಲೋ ಅರ್ಧ ದಾರಿಯಲ್ಲಿ ಮಾವನವರ ಮಂಡಿ ಹಿಡ್ಕೊಂಡರೆ ಏನು ಮಾಡ್ತೀರಿ? ಹೊತ್ತುಕೊಂಡೇ ಇಳಿಸಬೇಕು. ಇಲ್ಲಿ ಎಲ್ಲರೂ ನಡೆದೇ ಹತ್ತಿ. ಇಳಿಯೋಕೆ ಆಗದವರನ್ನ ಗಾಡಿ ಬಂದು ಕರ್ಕೊಂಡು ಹೋಗುತ್ತೆ. ಮನೆಮಂದಿ ಜೊತೆ ಬೆಟ್ಟ ಆರಿಸುವಾಗ ಎತ್ತರ ಆಮೇಲೆ ನೋಡಿ. ಗುಂಪಲ್ಲಿ ಎಲ್ಲರಿಗಿಂತ ನಿಧಾನದವರು ಎಲ್ಲಿ ವಾಪಸ್ ತಿರುಗಬಹುದು ಅಂತ ಮೊದಲು ನೋಡಿ.

ಬಟವಾಡಿ ನಿವಾಸಿ

ಅಣ್ಣ, ನೀವು ಬರೆದದ್ದನ್ನ ಮಾವನವರಿಗೆ ಓದಿ ಹೇಳಿದೆ. “ದುರ್ಗಕ್ಕೆ ಜಾತ್ರೆಗೆ ಹೋಗಿದ್ದೀನಿ, ನಡೆದು ಹತ್ತಿಲ್ಲ, ಹೋಗೋಣ” ಅಂದ್ರು. ಅಲ್ಲಿಗೆ ಮುಕ್ಕಾಲು ನಿರ್ಧಾರ ಆದ ಹಾಗೆ. ರಸ್ತೆ ಬಿಟ್ಟು ಕಾಡೊಳಗಿನ ಕಾಲುದಾರಿ ಏನಾದರೂ ಇದೆಯಾ?

ಜಿಪಿಎಸ್ ಜಾಡು

ಇದೆ. ಚಿಲುಮೆ ಕಡೆಯಿಂದ ಗುಡ್ಡದ ಏಣು ಹಿಡಿದು ಮೇಲಕ್ಕೆ ಹೋಗೋ ಜಾಡು ಆ್ಯಪಲ್ಲಿ ಸಿಗುತ್ತೆ, ಡೌನ್‌ಲೋಡ್ ಮಾಡಿಕೊಂಡು ಹೋಗಿ. ರಸ್ತೆಗಿಂತ ನೂರು ಪಾಲು ಚೆಂದ. ಯಾರೂ ಕೇಳಲ್ಲ.

ಊರ್ಡಿಗೆರೆಯವ

ಯಾರೂ ಕೇಳಲ್ಲ ಅನ್ನೋ ಮಾತು ಬೇಡ ಸರ್. ಮೀಸಲು ಅರಣ್ಯದೊಳಗೆ ಅನುಮತಿ ಇಲ್ಲದೆ ಕಾಲಿಡೋದು 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಅಪರಾಧ. ಅದಿರಲಿ, ಕಾನೂನಿನ ಮಾತು ಪಕ್ಕಕ್ಕಿಡಿ. ಈ ಕಾಡಲ್ಲಿ ಕರಡಿ ಇದೆ, ಚಿರತೆ ಇದೆ. ಚಿರತೆ ನಿಮ್ಮ ಸದ್ದು ಕೇಳಿ ಸರಿದುಕೊಳ್ಳುತ್ತೆ. ಕರಡಿ ಹಾಗಲ್ಲ. ಅದಕ್ಕೆ ಕಣ್ಣು ಮಂದ. ಹುತ್ತ ಕೆದಕ್ತಾ ತಲೆ ಒಳಗಿಟ್ಟುಕೊಂಡಿದ್ದರೆ ನೀವು ಹತ್ತು ಹೆಜ್ಜೆ ಹತ್ತಿರ ಬರೋವರೆಗೂ ಗೊತ್ತೇ ಆಗಲ್ಲ, ಗೊತ್ತಾದಾಗ ಗಾಬರಿಯಲ್ಲಿ ಮೈಮೇಲೇ ಬೀಳುತ್ತೆ. ಸೊಂಟದೆತ್ತರ ಹುಲ್ಲಿನ ನಡುವೆ ಐದನೇ ಕ್ಲಾಸಿನ ಮಗು ನಡೀತಿರುತ್ತೆ, ಅದನ್ನ ಯೋಚನೆ ಮಾಡಿ. ನಮ್ಮ ಕಡೆ ಸೌದೆಗೆ ಹೋಗೋ ಹೆಂಗಸರು ಗಟ್ಟಿಯಾಗಿ ಮಾತಾಡ್ತಾ ಹೋಗೋದು ಇದಕ್ಕೇ.

ಅಕ್ಕಾ, ಒಳಗಿನ ದಾರಿ ಬೇಕೇ ಬೇಕು ಅಂದ್ರೆ ತುಮಕೂರು ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಒಂದು ವಾರ ಮೊದಲು ಹೋಗಿ ಬಿಳಿ ಹಾಳೆಯಲ್ಲಿ ಅರ್ಜಿ ಕೊಡಿ. ಎಷ್ಟು ಜನ, ಯಾವ ದಿನ, ಎಲ್ಲಿಂದ ಎಲ್ಲಿಗೆ ಅಂತ ಬರೀರಿ. ಒಪ್ಪಿದರೆ ಇಲಾಖೆಯ ವಾಚರ್ ಒಬ್ಬರನ್ನ ಜೊತೆಗೆ ಕೇಳಿ. ಬೇಡ ಅಂದ್ರೆ ಬೇಡ. ಜನವರಿ ಕಳೆದ ಮೇಲೆ ಬೆಂಕಿಯ ಕಾಲ, ಆಗಂತೂ ಯಾರನ್ನೂ ಬಿಡದಿರೋದೇ ಸರಿ. ಒಂದು ಬೀಡಿ ತುಂಡಿಗೆ ಗುಡ್ಡದ ಒಂದು ಮಗ್ಗುಲೇ ಕಪ್ಪಾಗಿದ್ದನ್ನ ನಾವು ಕಣ್ಣಾರೆ ನೋಡಿದ್ದೀವಿ.

ಜಿಪಿಎಸ್ ಜಾಡು

ಒಪ್ಪಿದೆ. ನಾನು ಗಟ್ಟಿಗರ ಗುಂಪನ್ನ ಮನಸ್ಸಲ್ಲಿಟ್ಟುಕೊಂಡು ಹೇಳಿದೆ. ಮಕ್ಕಳಿರುವಾಗ ರಸ್ತೆ ಮತ್ತು ಮೆಟ್ಟಿಲೇ ಸರಿ.

ಊರ್ಡಿಗೆರೆಯವ

ಗಟ್ಟಿಗರಿಗೂ ಅನುಮತಿ ಬೇಕು ಸರ್.

ಪಿಕಳಾರ

ಹಕ್ಕಿ ನೋಡೋಳಾಗಿ ಒಂದು ಮಾತು. ರಸ್ತೆಯಲ್ಲಿ ನಡೆದರೆ ಕಾಡು ಕಾಣಲ್ಲ ಅನ್ನೋದನ್ನ ನಾನು ಒಪ್ಪಲ್ಲ. ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಆ ರಸ್ತೆಯಷ್ಟು ಚೆನ್ನಾಗಿ ಹಕ್ಕಿ ಕಾಣೋ ಜಾಗ ಕಡಿಮೆ. ಹಳದಿ ಕೊರಳಿನ ಪಿಕಳಾರ ಅಂತ ಒಂದಿದೆ, ದಕ್ಷಿಣ ಭಾರತ ಬಿಟ್ಟರೆ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ. ಅದಕ್ಕೆ ಇಂಥ ಬಂಡೆ ಮತ್ತು ಪೊದೆ ಸೇರಿದ ಬೆಟ್ಟವೇ ಬೇಕು. ನಂದಿಯಲ್ಲಿದೆ, ದೇವರಾಯನದುರ್ಗದಲ್ಲಿದೆ. ಮನೆ ಹತ್ತಿರದ ಪಿಕಳಾರದ ಹಾಗೇ ಗಾತ್ರ, ಆದರೆ ತಲೆ ಮತ್ತು ಕೊರಳು ಅರಿಸಿನ ಹಚ್ಚಿದ ಹಾಗೆ. ಮೊದಲು ಕೇಳೋದು ದನಿ, ಆಮೇಲೆ ಪೊದೆಯ ತುದಿಗೆ ಒಂದು ಕ್ಷಣ ಬಂದು ಕೂತು ಮತ್ತೆ ಒಳಗೆ ಹೋಗುತ್ತೆ. ಮಕ್ಕಳು ಓಡದೆ ನಿಂತರೆ ಕಾಣುತ್ತೆ.

ಪಕ್ಷಿತಜ್ಞ ಸಲೀಂ ಅಲಿ ನಾಮದ ಚಿಲುಮೆಯ ವಸತಿಗೃಹದಲ್ಲಿ ತಂಗಿದ್ದರು. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಅವರು ಮಾಡಿದ್ದು 1939–40ರಲ್ಲಿ. ದೊಡ್ಡ ಮಗನಿಗೆ ಇದನ್ನ ಅಲ್ಲೇ ನಿಂತು ಹೇಳಿ. ಸ್ಪೀಕರಿನಲ್ಲಿ ಹಾಡು ಹಾಕಬೇಡಿ, ಹಕ್ಕಿ ಕರೆಯೋಕೆ ಅಂತ ಮೊಬೈಲಿನಲ್ಲಿ ಅದರದೇ ದನಿ ಹಾಕೋದಂತೂ ಬೇಡವೇ ಬೇಡ.

ಇನ್ನೊಂದು ವಿಷಯ ಹೇಳದೆ ಇರಲಾರೆ. ಈ ಬೆಟ್ಟದ ಒಂದು ಕಡೆ ಹುಟ್ಟೋ ಶಿಂಷಾ ದಕ್ಷಿಣಕ್ಕೆ ಹರಿದು ಕಾವೇರಿ ಸೇರುತ್ತೆ. ಇನ್ನೊಂದು ಕಡೆ ಹುಟ್ಟೋ ಜಯಮಂಗಲಿ ಉತ್ತರಕ್ಕೆ ಹೋಗಿ ಉತ್ತರ ಪಿನಾಕಿನಿ ಸೇರುತ್ತೆ. ಒಂದೇ ಮಳೆಯ ಎರಡು ಹನಿ, ಒಂದು ಮದ್ದೂರಿನ ಕಡೆಗೆ, ಇನ್ನೊಂದು ಆಂಧ್ರದ ಕಡೆಗೆ. ಭೂಗೋಳದ ಪಾಠ ಇದಕ್ಕಿಂತ ಚೆನ್ನಾಗಿ ಎಲ್ಲಿ ಕಲಿಸೋಕಾಗುತ್ತೆ!

ಕಲ್ಲುಬಂಡೆ

ಮಧುಗಿರಿ ಬಿಟ್ಟುಕೊಟ್ಟೆ. ಆದರೆ ಹೊತ್ತಿನ ಲೆಕ್ಕ ಹಾಕಿ ಹೊರಡಿ ಮೇಡಂ, ಬಹಳ ಜನ ಎಡವೋದು ಅಲ್ಲೇ. ಸ್ಕಾಟ್ಲೆಂಡಿನ ನೈಸ್ಮಿತ್ ಅನ್ನೋ ಚಾರಣಿಗ 1892ರಲ್ಲಿ ಹೇಳಿದ ಲೆಕ್ಕ ಇವತ್ತಿಗೂ ಕೆಲಸಕ್ಕೆ ಬರುತ್ತೆ. ಐದು ಕಿಲೋಮೀಟರಿಗೆ ಒಂದು ಗಂಟೆ, ಏರಿನ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ತುಮಕೂರೇ ಸಮುದ್ರಮಟ್ಟದಿಂದ 800 ಮೀಟರಿಗಿಂತ ಮೇಲಿದೆ, ಹಾಗಾಗಿ ನೀವು ನಿಜವಾಗಿ ಏರೋದು ನಾನೂರರ ಒಳಗೆ. ಹತ್ತು ಕಿಲೋಮೀಟರ್ ನಡಿಗೆ ಅಂತಿಟ್ಟುಕೊಂಡರೆ ಎರಡು ಗಂಟೆ, ಏರಿಗೆ ನಲವತ್ತು ನಿಮಿಷ. ಇದು ಒಬ್ಬ ಗಟ್ಟಿ ಆಳು ನಿಲ್ಲದೆ ನಡೆದರೆ. ಮಕ್ಕಳು, ಹಿರಿಯರು ಇದ್ದಾಗ ಅದರ ಒಂದೂವರೆ ಪಟ್ಟು ಹಿಡಿಯಿರಿ, ನಾಲ್ಕು ಗಂಟೆ. ದರ್ಶನ, ಊಟ, ಫೋಟೊ, ಕೂರೋದು ಸೇರಿ ಇನ್ನೊಂದೂವರೆ ಗಂಟೆ. ಏಳೂವರೆಗೆ ಹೆಜ್ಜೆ ಹಾಕಿದರೆ ಒಂದು ಗಂಟೆಗೆ ಮುಗಿಯುತ್ತೆ. ಹತ್ತಕ್ಕೆ ಶುರುಮಾಡಿದರೆ ಬಿಸಿಲಿಗೆ ಸಿಕ್ಕಿ ಎಲ್ಲ ತಡವಾಗಿ ಸಂಜೆಯಾಗುತ್ತೆ. ಡಿಸೆಂಬರಿನಲ್ಲಿ ಆರು ಗಂಟೆಗೆಲ್ಲ ಸೂರ್ಯ ಮುಳುಗ್ತಾನೆ.

ಫಿಸಿಯೋ ಅಕ್ಕ

ಮಾವನವರ ಮಂಡಿ ಬಗ್ಗೆ. ಇಳಿಯುವಾಗ ಮಾತ್ರ ನೋವು ಅಂದ್ರಲ್ಲ, ಅದು ಬಹಳ ಜನರಿಗೆ ಇರೋದು. ಇಳಿಯುವಾಗ ತೊಡೆಯ ಮುಂದಿನ ಸ್ನಾಯು ಬ್ರೇಕಿನ ಕೆಲಸ ಮಾಡಬೇಕು. ಅದು ಸೋತರೆ ಭಾರವೆಲ್ಲ ಮಂಡಿ ಚಿಪ್ಪಿನ ಮೇಲೆ. ಸಮನೆಲದಲ್ಲಿ ಎಷ್ಟು ನಡೆದರೂ ಆ ಸ್ನಾಯು ಇದಕ್ಕೆ ತಯಾರಾಗಲ್ಲ. ಇನ್ನೂ ಮೂರು ವಾರ ಇದೆ. ಮನೆಯ ಮೆಟ್ಟಿಲಲ್ಲಿ ಒಂದೇ ಒಂದು ಮೆಟ್ಟಿಲು, ಕಂಬಿ ಹಿಡ್ಕೊಂಡು, ಒಳ್ಳೇ ಕಾಲು ಕೆಳಗಿಡ್ತಾ ನೋವಿನ ಕಾಲಿನ ಮಂಡಿಯನ್ನ ನಿಧಾನಕ್ಕೆ ಮಡಿಸೋದು. ದಿನಕ್ಕೆ ಎರಡು ಹೊತ್ತು, ನೋವು ಬರದಷ್ಟು. ನೋವು ಜಾಸ್ತಿಯಾದರೆ, ಊದಿಕೊಂಡರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ಆ ದಿನ ಕೈಗೆರಡು ಕೋಲು ಕೊಡಿ. ದುಬಾರಿ ಕೋಲೇನೂ ಬೇಡ, ಎದೆಯ ಕೆಳಗಿನವರೆಗೆ ಬರೋ ಗಟ್ಟಿ ಬಿದಿರು ಸಾಕು. ಇಳಿಯುವಾಗ ಕೋಲು ಮೊದಲು, ಕಾಲು ಆಮೇಲೆ, ಹೆಜ್ಜೆ ಚಿಕ್ಕದು. ಹೊಸ ಶೂ ಅವತ್ತೇ ಹಾಕಬೇಡಿ. ಊರ್ಡಿಗೆರೆಯವರು ಹೇಳಿದ ಗಾಡಿ ಉಪಾಯ ನನಗೆ ತುಂಬಾ ಇಷ್ಟವಾಯ್ತು. “ಇಷ್ಟು ಹತ್ತಿದ್ದೀನಿ, ಇಳಿಯೋದೇನು ಮಹಾ” ಅಂತ ಹಿರಿಯರು ಹಟ ಮಾಡ್ತಾರೆ. ಮನೆಯಲ್ಲೇ ಮಾತಾಡಿ ಒಪ್ಪಿಸಿಕೊಂಡು ಹೊರಡಿ.

ತೋವಿನಕೆರೆ ಅಜ್ಜಿಮನೆ

ಹೆಜ್ಜೇನಿನ ಬಗ್ಗೆ ಯಾರೂ ಬರೆದಿಲ್ಲ. ನಮ್ಮ ಕಡೆಯ ಬೆಟ್ಟಗಳಲ್ಲಿ ಕರಡಿಗಿಂತ ಅದರ ಭಯವೇ ನನಗೆ ಹೆಚ್ಚು. ಬಂಡೆಯ ಚಾಚಿನ ಕೆಳಗೆ ಕಪ್ಪಗೆ ಮೊರದಗಲ ನೇತಾಡ್ತಿದ್ದರೆ ಅದೇ. ಕೆಳಗೆ ನಿಂತು ಕೂಗೋದು, ಕಲ್ಲೆಸೆಯೋದು, ಹೊಗೆ ಹಾಕೋದು ಖಂಡಿತ ಬೇಡ. ಸೆಂಟು ಪೂಸಿಕೊಂಡು ಹೋಗಬೇಡಿ. ಎದ್ದವು ಅಂದ್ರೆ ಕೈ ಬೀಸಬೇಡಿ, ಮುಖ ಮುಚ್ಚಿಕೊಂಡು ದೂರ ಓಡಿ, ಗಾಡಿಯೋ ಕಟ್ಟಡವೋ ಸಿಕ್ಕಿದರೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಿ. ಚುಚ್ಚಿದ ಮುಳ್ಳನ್ನ ತಡಮಾಡದೆ ಉಗುರಲ್ಲಿ ಕೆರೆದು ತೆಗೀರಿ. ಉಸಿರು ಕಟ್ಟಿದರೆ, ತುಟಿ ಮುಖ ಊದಿದರೆ, ತುಂಬಾ ಕಡೆ ಕಚ್ಚಿದ್ದರೆ 108ಕ್ಕೆ ಫೋನ್ ಮಾಡಿ. ದುರ್ಗದಲ್ಲಿ ಎಲ್ಲಾ ಕಡೆ ಸಿಗ್ನಲ್ ಇರಲ್ಲ, ಸಿಗೋ ಜಾಗ ಹತ್ತುವಾಗಲೇ ಗಮನಿಸಿಟ್ಟುಕೊಳ್ಳಿ.

ಉಣ್ಣೆ ಹುಳ ಹತ್ತುತ್ತೆ, ಪ್ಯಾಂಟನ್ನ ಸಾಕ್ಸೊಳಗೆ ತುರುಕಿ.

ಬಟವಾಡಿ ನಿವಾಸಿ

ಎಲ್ಲರಿಗೂ ಕೈಮುಗಿದೆ. ನೀವು ಹೇಳಿದ್ದನ್ನೆಲ್ಲ ಸೇರಿಸಿ ಹೀಗೆ ಅಂದ್ಕೊಂಡಿದ್ದೇವೆ, ತಪ್ಪಿದ್ದರೆ ತಿದ್ದಿ. ಆರೂವರೆಗೆ ಮನೆ ಬಿಡೋದು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನೋಣ ಅಂತ ಮಕ್ಕಳ ಆಸೆ, ಆದರೆ ಅದು ಊರಿನ ಇನ್ನೊಂದು ದಿಕ್ಕು, ಬೆಳಗಿನ ಹೊತ್ತು ಕಳೀತೀವಿ. ಅದಕ್ಕೆ ಇಡ್ಲಿ ಮನೆಯಲ್ಲೇ. ಏಳೂವರೆಗೆ ನಾಮದ ಚಿಲುಮೆಯಿಂದ ನಡಿಗೆ ಶುರು. ಭೋಗ ನರಸಿಂಹನ ದರ್ಶನ, ಮೇಲೆ ಯೋಗ ನರಸಿಂಹ, ನೆತ್ತಿಯಲ್ಲಿ ಸ್ವಲ್ಪ ಹೊತ್ತು. ಇಳಿದು ಬಂದು ಕೆಳಗೆ ಊಟ. ನಾದಿನಿಯ ಗಂಡ ಕಾರು ಓಡಿಸೋದಕ್ಕೆ ಒಪ್ಪಿದ್ದಾರೆ. ಮಾವನವರೂ ಒಪ್ಪಿದ್ದಾರೆ, ಕೋಲು ಮಾತ್ರ ಒಂದೇ ಸಾಕಂತೆ.

ಮೇಲೆ ಊಟ ಮಾಡೋ ಹಾಗಿಲ್ವಾ? ನೀರು ಎಷ್ಟು ಒಯ್ಯಬೇಕು?

ಊರ್ಡಿಗೆರೆಯವ

ಮೇಲೆ ಊಟದ ಡಬ್ಬಿ ಬಿಚ್ಚಬೇಡಿ ಅಕ್ಕ, ಕೋತಿಗಳು ಬಿಡಲ್ಲ. ಪ್ಲಾಸ್ಟಿಕ್ ಕವರಿನ ಸದ್ದಿಗೇ ಬರ್ತವೆ, ಚಿಕ್ಕ ಮಕ್ಕಳ ಕೈಯಿಂದ ಕಿತ್ಕೊಳ್ತವೆ. ಪಾಪ ಅಂತ ಏನೂ ಹಾಕಬೇಡಿ. ಜನ ಹಾಕಿ ಹಾಕಿಯೇ ಅವು ಕಾಡಲ್ಲಿ ಹಣ್ಣು ಹುಡುಕೋದು ಬಿಟ್ಟು ರಸ್ತೆಯಲ್ಲಿ ಕೂತಿರೋದು. ಕಡಲೆಕಾಯಿ, ಬೆಲ್ಲ, ಬಾಳೆಹಣ್ಣನ್ನ ಬಟ್ಟೆ ಚೀಲದಲ್ಲಿ ಒಳಗಿಟ್ಟುಕೊಳ್ಳಿ. ನೀರು ದೊಡ್ಡವರಿಗೆ ತಲಾ ಎರಡು ಲೀಟರ್, ಮಕ್ಕಳಿಗೆ ಒಂದೊಂದು. ಬಾಟಲಿ, ಸಿಪ್ಪೆ, ಕವರು ಎಲ್ಲ ವಾಪಸ್ ಮನೆಗೆ.

ಕಾರಿನ ವಿಷಯದಲ್ಲಿ ಒಂದು ತಿದ್ದುಪಡಿ. ಕಾರು ಚಿಲುಮೆಯಲ್ಲೇ ಇದ್ದು ಎಲ್ಲರೂ ಮೇಲಿದ್ದರೆ ಉಪಯೋಗಕ್ಕೆ ಬರಲ್ಲ. ನಿಮ್ಮನ್ನ ಚಿಲುಮೆಯಲ್ಲಿ ಇಳಿಸಿ ಭಾವನವರು ಕಾರನ್ನ ಭೋಗ ನರಸಿಂಹನ ಗುಡಿ ಹತ್ತಿರ ಬಿಡಲಿ, ಅಲ್ಲಿಂದ ಎದುರಿಗೆ ನಡೆದು ಬಂದು ನಿಮ್ಮನ್ನ ಕೂಡಿಕೊಳ್ಳಲಿ. ಅವರಿಗೂ ನಡಿಗೆ ಸಿಗುತ್ತೆ, ಕಾರೂ ಬೇಕಾದ ಜಾಗದಲ್ಲಿರುತ್ತೆ. ಒಂಟಿಯಾಗಿ ಕಾಡುರಸ್ತೆಯಲ್ಲಿ ನಡೆಯೋದು ಬೆಳಕು ಚೆನ್ನಾಗಿ ಹರಿದ ಮೇಲೆ ಮಾತ್ರ.

ಬಟವಾಡಿ ನಿವಾಸಿ

ಇದು ನಮಗೆ ಹೊಳೆದೇ ಇರಲಿಲ್ಲ. ದೊಡ್ಡ ಮಗನೂ ಅವರ ಜೊತೆ ಹೋಗಲಿ, ಇಬ್ಬರಾಗ್ತಾರೆ. ಮಳೆ ಬಂದರೆ?

ಬಳ್ಳಾಪುರದ ಚಾರಣಿಗ

ತುಂತುರಾದರೆ ಹೋಗಿ, ಬಂಡೆ ಮೇಲೆ ಮಾತ್ರ ಕಾಲಿಡಬೇಡಿ, ಮೆಟ್ಟಿಲಲ್ಲೇ ನಿಲ್ಲಿ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂತ ಹವಾಮಾನ ಇಲಾಖೆ ಶುಕ್ರವಾರದೊಳಗೆ ಹೇಳಿದ್ದರೆ ಮುಂದಿನ ಭಾನುವಾರಕ್ಕೆ ಹಾಕಿ. ಗುಡುಗು ಕೇಳಿಸಿದರೆ ನೆತ್ತಿಯ ಆಸೆ ಬಿಟ್ಟು ತಕ್ಷಣ ಇಳಿಯಿರಿ.

ಬಟವಾಡಿ ನಿವಾಸಿ

ಸರಿ ಅಣ್ಣ. ನಾಳೆ ಅರಣ್ಯ ಕಚೇರಿಗೆ ಅರ್ಜಿ ಕೊಟ್ಟು ಬರ್ತೀನಿ. ಒಳಗಿನ ದಾರಿಗೆ ಒಪ್ಪಿಗೆ ಸಿಗದಿದ್ದರೆ ರಸ್ತೆ ಮತ್ತು ಮೆಟ್ಟಿಲು, ಅಷ್ಟೇ.